ಉಪ್ಪಿಲ್ಲದ ಕ್ಯಾನು

ಮರದ ಕೊರಡಿನ ಮೇಲೆ ಕತ್ತಿ ಬೀಳುವ ಸದ್ದು ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ. ಟಕ್, ಟಕ್, ಟಕ್. ಬೀದಿಯವರಿಗೆ ಅದು ಬರೀ ಸದ್ದು. ಕೋಳಿ ಅಂಗಡಿಯ ಮೇಲಿನ ಕೋಣೆಯಲ್ಲಿರುವ ಗಂಟಕ್ಕನಿಗೆ ಮಾತ್ರ ಅದರ ಒಳಗುಟ್ಟು ಗೊತ್ತು. ಗಟ್ಟಿಯಾಗಿ ಬಿದ್ದರೆ ತೊಡೆ, ಮೆತ್ತಗೆ ಬಿದ್ದರೆ ಎದೆ. ಕತ್ತಿ ಪೂರ್ತಿ ಸುಮ್ಮನಾಯಿತೆಂದರೆ ಕೆಳಗೆ ಅಂಗಡಿಯಲ್ಲಿ ಅವಳ ಭಾವ, ಅಕ್ಕನ ಗಂಡ, ಹೊಸ ಕೋಳಿಯ ಕರುಳು ತೆಗೆಯುತ್ತಿದ್ದಾರೆ. ಆ ಮೌನ ಕೇಳಿದ್ದೇ ತಡ, ಅವಳು ಬಾಚುತ್ತಿದ್ದ ತಲೆಯನ್ನು ಅರ್ಧಕ್ಕೇ ಬಿಟ್ಟು ಫ್ಲಾಸ್ಕ್ ಎತ್ತಿಕೊಂಡು ಓಡುತ್ತಾಳೆ. ವಯಸ್ಸು ಐವತ್ತೊಂದು. ಬೇರೆ ಎಲ್ಲಾ ಮೆಟ್ಟಿಲುಗಳಲ್ಲಿ ಮಂಡಿ ನೋಯುತ್ತದೆ, ಈ ಮೆಟ್ಟಿಲುಗಳಲ್ಲಿ ಮಾತ್ರ ಇಲ್ಲ.

ಫ್ಲಾಸ್ಕಿನಲ್ಲಿ ಐಸ್ ಹಾಕಿದ ಉಪ್ಪುನೀರು. ಭಾವ ಸಣ್ಣ ಕರುಳಿನ ಮೇಲ್ಭಾಗವನ್ನು ಹರಿಯದಂತೆ ಬಿಡಿಸಿ ಅದರೊಳಗೆ ಇಳಿಬಿಡುತ್ತಾರೆ. ಊರಿನವರೆಲ್ಲಾ ಮಾಂಸ ಒಯ್ದರೆ ನಮ್ಮ ನಾದಿನಿ ಕಸ ಒಯ್ಯುತ್ತಾಳೆ ಎಂದು ಗಿರಾಕಿಗಳ ಮುಂದೆ ದಿನವೂ ಹೇಳುತ್ತಾರೆ. ನೀವು ತಿಂದದ್ದೆಲ್ಲ ಮೈಗೆ ಹತ್ತಿಸಿದ್ದು ಇಂಥದ್ದೇ ಕಸ, ಸ್ವಲ್ಪ ಕಡಿಮೆ ಕೆಲಸ ಮಾಡಿದ್ದರೆ ಚೆನ್ನಾಗಿತ್ತು ಎಂದು ಇವಳೂ ಅವರ ಹೊಟ್ಟೆ ನೋಡಿಕೊಂಡೇ ದಿನವೂ ಹೇಳುತ್ತಾಳೆ. ಒಳಗಿನಿಂದ ಅಕ್ಕನ ನಗು ಕೇಳುವಷ್ಟರಲ್ಲಿ ಅವಳು ಬೀದಿ ತಿರುವಿನಲ್ಲಿರುತ್ತಾಳೆ. ಕರುಳಿಗೆ ಕೋಳಿಯಾಚೆ ಸ್ವಲ್ಪ ಹೊತ್ತೇ ಜೀವ. ಕಾಲೇಜಿಗೆ ಹದಿನೈದು ನಿಮಿಷದ ದಾರಿ, ಅವಳಿಗೆ ಒಂಬತ್ತು ನಿಮಿಷ. ಫ್ಲಾಸ್ಕ್ ಹಿಡಿದಿರುವಾಗ ಅವಳನ್ನು ಮಾತಾಡಿಸಬಾರದೆಂದು ಬೀಗದಂಗಡಿಯವನಿಗೂ ಗೊತ್ತು, ಇಸ್ತ್ರಿಯವನಿಗೂ ಗೊತ್ತು.

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೊಂದು ಹೆಸರಿದೆ. ಅದು ಆಫೀಸಿನವರಿಗೆ ಮಾತ್ರ ನೆನಪು. ನಮ್ಮ ಕಾಲೇಜಿನ ಜೀವಶಾಸ್ತ್ರದ ಪ್ರಯೋಗಶಾಲೆಗೆ ಬಂದವರಿಗೆಲ್ಲ ಅವಳು ಗಂಟಕ್ಕ. ಅವಳು ಹಾಕಿದ ಗಂಟು ಇಂದಿನವರೆಗೆ ಸೋರಿಲ್ಲ.

ಇಪ್ಪತ್ತೆರಡು ವರ್ಷ ಅವಳು ಬಟ್ಟೆ ಚೀಲಗಳ ಕಾರ್ಖಾನೆಯಲ್ಲಿದ್ದಳು. ಅವಳ ಪಾಲಿಗೆ ಬಂದದ್ದು ಹಿಡಿಕೆಯ ಕೆಲಸ. ಉದ್ದನೆಯ ಪಟ್ಟಿಯನ್ನು ಮೊದಲು ತಿರುವುಮುರುವಾಗಿ ಹೊಲಿಯುತ್ತಾರೆ, ಆಮೇಲೆ ಕಬ್ಬಿಣದ ಕಡ್ಡಿ ತೂರಿಸಿ ಒಳಮೈಯನ್ನು ಹೊರಕ್ಕೆ ಎಳೆಯುತ್ತಾರೆ. ಅವಳ ಕೈಗೆ ಅದು ಅರ್ಧ ನಿಮಿಷದ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಕಾಲೇಜಿಗೆ ಅಟೆಂಡರ್ ಆಗಿ ಬಂದಳು. ಬಂದ ಮೊದಲ ದಿನ ನೆಲ ಒರೆಸುತ್ತಾ ಇದ್ದಾಗ ಜೀವಶಾಸ್ತ್ರದ ಮೇಡಂ ಗಾಜಿನ ಕಡ್ಡಿಯ ಮೇಲೆ ಕೋಳಿ ಕರುಳನ್ನು ಒಳಹೊರಗು ಮಾಡಲು ಹೆಣಗುತ್ತಿದ್ದರು. ಮೂರು ಕರುಳು ಹರಿದಿದ್ದವು, ಮೇಡಂ ಮುಖ ಅಳುವ ಹಾಗಾಗಿತ್ತು. ಇವಳು ಒರೆಸುವ ಬಟ್ಟೆ ಕೆಳಗಿಟ್ಟು, ಕೈ ತೊಳೆದುಕೊಂಡು, ಇದು ಹಿಡಿಕೆಯೇ ಅಲ್ಲವೇ ಎಂದಳಂತೆ. ನಾಲ್ಕನೆಯದು ಕಾಲುಚೀಲ ಕಳಚಿದ ಹಾಗೆ ಸಲೀಸಾಗಿ ತಿರುಗಿ ಬಂತು. ಮರುದಿನದಿಂದ ನೆಲ ಒರೆಸಲು ಬೇರೆಯವರು ಬಂದರು.

ಕರುಳನ್ನು ಯಾಕೆ ತಿರುಗಿಸಬೇಕು ಎಂದು ಹೊಸಬರು ಕೇಳಿದರೆ ಮೇಡಂಗಿಂತ ಮೊದಲು ಅವಳೇ ಹೇಳುತ್ತಾಳೆ. ನಾವು ತಿಂದ ಬೇಳೆ, ಮೊಟ್ಟೆ, ಮಾಂಸದೊಳಗಿನ ಪ್ರೋಟೀನು ಹೊಟ್ಟೆಯಲ್ಲೂ ಕರುಳಲ್ಲೂ ಒಡೆದು ಬಿಡಿ ಮಣಿಗಳಾಗುತ್ತದೆ. ಆ ಮಣಿಗಳೇ ಅಮೈನೋ ಆಮ್ಲ. ಅವು ಮೈಗೆ ಸೇರಬೇಕಾದರೆ ಕರುಳಿನ ಗೋಡೆ ದಾಟಬೇಕು, ಗೋಡೆಯ ಬಾಗಿಲುಗಳೆಲ್ಲ ಒಳಮೈಯಲ್ಲಿವೆ. ಒಳಮೈ ಹೊರಗೆ ಮಾಡಿ, ಎರಡೂ ತುದಿ ದಾರದಿಂದ ಬಿಗಿದು, ಪುಟ್ಟ ಚೀಲ ಮಾಡಿ ಬೀಕರಿನಲ್ಲಿ ಮುಳುಗಿಸಿದರೆ ಮಣಿಗಳು ಚೀಲದೊಳಗೆ ಹೋಗುವುದನ್ನು ಹಿಡಿಯಬಹುದು. ಬೀಕರಿನಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅರ್ಧ ಗಂಟೆ ಗಾಳಿ ಗುಳುಗುಳು ಆಡಿಸಿ, ಚೀಲ ಕತ್ತರಿಸಿ, ಒಳಗಿನ ನೀರನ್ನು ನಿನ್‌ಹೈಡ್ರಿನ್ ಎಂಬ ಮದ್ದಿನೊಂದಿಗೆ ಕುದಿಸಬೇಕು. ಗ್ಲೈಸಿನ್ ಒಳಗೆ ಹೋಗಿದ್ದರೆ ನೀರು ನೇರಳೆಯಾಗುತ್ತದೆ. ಹೆಚ್ಚು ಹೋದಷ್ಟೂ ಬಣ್ಣ ಗಾಢ.

ಈ ನೇರಳೆ ಬರುವ ಕ್ಷಣಕ್ಕೆ ಗಂಟಕ್ಕ ಎಂಟು ವರ್ಷವಾದರೂ ಒಗ್ಗಿಕೊಂಡಿರಲಿಲ್ಲ. ಟೆಸ್ಟ್‌ಟ್ಯೂಬಿನ ತಳದಲ್ಲಿ ಬಣ್ಣ ಮೂಡುತ್ತಿದ್ದಂತೆ ಅವಳ ಹಿಮ್ಮಡಿ ನೆಲ ಬಿಡುತ್ತಿತ್ತು.

ಪ್ರಯೋಗದ ಸ್ವಾರಸ್ಯ ಇದ್ದದ್ದು ಎರಡನೇ ಸಾಲಿನಲ್ಲಿ. ಮೊದಲ ಸಾಲಿನ ಬೀಕರುಗಳಲ್ಲಿ ಉಪ್ಪಿರುತ್ತದೆ, ಅಂದರೆ ಸೋಡಿಯಂ. ಎರಡನೇ ಸಾಲಿನಲ್ಲಿ ಸೋಡಿಯಂ ಇರುವುದಿಲ್ಲ, ಅದರ ಜಾಗಕ್ಕೆ ಬೇರೆ ಲವಣ. ಸೋಡಿಯಂ ಕರುಳಿನ ಜೀವಕೋಶದೊಳಗೆ ನುಗ್ಗುವ ಆತುರದಲ್ಲಿ ಗ್ಲೈಸಿನ್ನಿನ ಕೈ ಹಿಡಿದೆಳೆದುಕೊಂಡು ಹೋಗುತ್ತದೆ. ಅದಿಲ್ಲದಿದ್ದರೆ ಗ್ಲೈಸಿನ್ ಬಾಗಿಲಲ್ಲೇ ನಿಂತಿರುತ್ತದೆ. ಹಾಗಾಗಿ ಮೊದಲ ಸಾಲು ನೇರಳೆ, ಎರಡನೆಯದು ಬಿಳಿಚಿದ್ದು. ಎಂಟು ವರ್ಷವೂ ಹೀಗೇ ಆಗಿತ್ತು.

ಆ ವರ್ಷ ಪ್ರಿನ್ಸಿಪಾಲರು ಗೋಡೆಯಗಲದ ಡಿಜಿಟಲ್ ಪರದೆ ತರಿಸಿದ್ದರು. ಅದರಲ್ಲಿ ಗುಲಾಬಿ ಬಣ್ಣದ ಕರುಳು ಕುಣಿಯುತ್ತಿತ್ತು, ಹಳದಿ ಮಣಿಗಳು ಉರುಳಿ ಒಳಗೆ ಹೋಗುತ್ತಿದ್ದವು. ವಾಸನೆಯಿಲ್ಲ, ಕಸವಿಲ್ಲ, ಕೋಳಿ ಅಂಗಡಿಯ ಸಹವಾಸವಿಲ್ಲ ಎಂಬುದು ಅವರ ವಾದ. ಮೇಡಂ ಜಗಳವಾಡಿ ಒಂದು ಅವಕಾಶ ಗಿಟ್ಟಿಸಿದರು. ಶುಕ್ರವಾರ ವಿಶ್ವವಿದ್ಯಾಲಯದಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಬರುತ್ತಾರೆ, ಪ್ರಯೋಗವನ್ನು ಕಣ್ಣಾರೆ ನೋಡುತ್ತಾರೆ. ಅವರು ಇರಲಿ ಎಂದರೆ ಇರುತ್ತದೆ, ಬೇಡ ಎಂದರೆ ಪರದೆ. ಪರದೆ ಗೆದ್ದರೆ ಗಂಟಕ್ಕನಿಗೆ ಮಹಡಿಯ ಮೇಲಿನ ಹಳೇ ಫೈಲುಗಳ ಕೋಣೆ.

ಅವಳು ಆ ಕೋಣೆಯನ್ನು ಒಮ್ಮೆ ನೋಡಿ ಬಂದಳು. ಕಿಟಕಿಯಿಲ್ಲ. ಅಲ್ಲಿ ಬಣ್ಣ ಬದಲಾಗುವ ವಸ್ತುವೆಂದರೆ ಕಾಗದ ಒಂದೇ, ಅದಕ್ಕೂ ನಲವತ್ತು ವರ್ಷ ಬೇಕು ಎಂದು ನಮಗೆ ಬಂದು ಹೇಳಿದಳು. ನಾವು ಹನ್ನೊಂದು ಜನ ವಿದ್ಯಾರ್ಥಿಗಳು ನಕ್ಕೆವು. ಅವಳೂ ನಕ್ಕಳು, ಆದರೆ ಅವತ್ತು ಚಹಾ ಕುಡಿಯಲಿಲ್ಲ.

ಸೋಮವಾರ ತಾಲೀಮು. ಮೊದಲ ಸಾಲು ನೇರಳೆ ಬಂತು. ಎರಡನೇ ಸಾಲೂ ನೇರಳೆ ಬಂತು.

ಮೊದಲನೆಯದರಷ್ಟು ಗಾಢವಿರಲಿಲ್ಲ, ಆದರೆ ನೇರಳೆ ನೇರಳೆಯೇ. ನಾಲ್ಕು ಟ್ಯೂಬುಗಳೂ ನಾಚಿಕೆಯಿಲ್ಲದೆ ಹೊಳೆಯುತ್ತಾ ನಿಂತಿದ್ದವು. ಮೇಡಂ ಅವನ್ನು ಬೆಳಕಿಗೆ ಹಿಡಿದು ನೋಡಿದರು, ಗಂಟಕ್ಕನ ಮುಖ ನೋಡಲಿಲ್ಲ. ನಿಧಾನವಾಗಿ, ಬಹುಶಃ ಗಂಟು ಸೋರಿರಬೇಕು ಎಂದರು.

ಆ ಮಾತು ಪ್ರಯೋಗಶಾಲೆಯಲ್ಲಿ ಯಾರೂ ಆಡಿರಲಿಲ್ಲ. ಗಂಟಕ್ಕ ಎಂಟು ಹೊಸ ಚೀಲ ಕಟ್ಟಿದಳು, ಒಳಗೆ ನೀಲಿ ಬಣ್ಣ ತುಂಬಿದಳು, ಬೀಕರಿಗೆ ಇಳಿಬಿಟ್ಟಳು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೈಕಟ್ಟಿ ಕೂತಳು. ಒಂದು ಗಂಟೆ. ಬೀಕರಿನ ನೀರು ನೀರಿನ ಹಾಗೇ ಇತ್ತು. ಮೇಡಂ ಬಂದು ಬಗ್ಗಿ ನೋಡಿ, ತಪ್ಪಾಯ್ತು ಗಂಟಕ್ಕ ಎಂದರು. ನನ್ನ ಹತ್ತಿರ ಯಾಕೆ ಕೇಳುತ್ತೀರಿ, ದಾರದ ಹತ್ತಿರ ಕೇಳಿ ಎಂದಳು ಅವಳು.

ಮಂಗಳವಾರ ಮತ್ತೆ ನೇರಳೆ. ಮದ್ದೇ ಕೆಟ್ಟಿರಬಹುದೆಂದು ಗ್ಲೈಸಿನ್ ಇಲ್ಲದ ನೀರಿಗೆ ಹಾಕಿ ಕುದಿಸಿದರು. ನೀರು ನೀರಾಗಿಯೇ ಉಳಿಯಿತು. ಮದ್ದು ಸುಳ್ಳು ಹೇಳುತ್ತಿಲ್ಲ, ಗಂಟು ಸೋರುತ್ತಿಲ್ಲ, ಗ್ಲೈಸಿನ್ ಮಾತ್ರ ಯಾರ ಕೈಯೂ ಹಿಡಿಯದೆ ಒಳಗೆ ಹೋಗಿ ಕೂತಿದೆ. ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿ, ಶುಕ್ರವಾರಕ್ಕೆ ಪರದೆಯನ್ನೂ ರೆಡಿ ಇಟ್ಟಿರಲೇ ಎಂದು ಕೇಳಿ ಹೋದರು.

ಆ ಸಂಜೆ ಅಕ್ಕನ ಮನೆಯಲ್ಲಿ ಇದೇ ಮಾತು. ಭಾವ ತುಂಬಾ ಯೋಚಿಸಿ, ನಮ್ಮ ಕೋಳಿಗಳೇ ಅಂಥವು, ಉಪ್ಪಿದ್ದರೂ ಇಲ್ಲದಿದ್ದರೂ ಬಿಡದೆ ತಿನ್ನುತ್ತವೆ ಎಂದರು. ಅದಕ್ಕೆ ಅಕ್ಕ, ಹಾಗಾದರೆ ಆ ಕೋಳಿಗಳು ಯಾರದೋ ಹತ್ತಿರ ಕಲಿತಿವೆ ಎಂದಳು. ಗಂಟಕ್ಕನಿಗೆ ಎರಡು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬಾ ನಗು ಬಂತು.

ಬುಧವಾರ ಮೇಡಂ ಎದುರಿಗೆ ಕುಳಿತು, ನೀವು ಏನೇನು ಮಾಡುತ್ತೀರೋ ಎಲ್ಲಾ ಬಿಡದೆ ಹೇಳಿ, ನಿಮಗೆ ಮುಖ್ಯ ಅನ್ನಿಸದಿದ್ದರೂ ಹೇಳಿ ಎಂದರು. ಗಂಟಕ್ಕ ಭಾವನ ಕತ್ತಿ ಸುಮ್ಮನಾಗುವಲ್ಲಿಂದ ಶುರುಮಾಡಿದಳು. ಫ್ಲಾಸ್ಕ್, ಐಸ್, ಒಂಬತ್ತು ನಿಮಿಷ, ಎರಡನೇ ಸಾಲಿನ ಕರುಳನ್ನು ಉಪ್ಪಿಲ್ಲದ ನೀರಿನಲ್ಲಿ ಮೂರು ಸಲ ತೊಳೆಯುವುದು, ಕಡ್ಡಿ, ದಾರ. ಮೇಡಂ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಆಮೇಲೆ ಪಾತ್ರೆಗಳ ಸರದಿ ಬಂತು.

ಉಪ್ಪಿಲ್ಲದ ದ್ರಾವಣಕ್ಕೆ ಅವಳು ಬೇರೆಯೇ ಕ್ಯಾನು ಇಟ್ಟಿದ್ದಳು. ಐದು ಲೀಟರಿನ ಬಿಳಿ ಕ್ಯಾನು, ಕುತ್ತಿಗೆಗೆ ಕೆಂಪು ದಾರ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಲ್ಲಿಯ ನೀರಿನಲ್ಲೂ ಉಪ್ಪಿರುತ್ತದೆ ಎಂದು ಮೇಡಂ ಎಂದೋ ಹೇಳಿದ್ದರಿಂದ ಆ ಕ್ಯಾನಿಗೆ ಎಂಟು ವರ್ಷಗಳಲ್ಲಿ ನಲ್ಲಿಯ ಒಂದು ಹನಿಯನ್ನೂ ಅವಳು ಸೋಕಿಸಿರಲಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಮಾತ್ರ ತೊಳೆಯುತ್ತಿದ್ದಳು. ಈ ಸಲ ಪ್ರಾಧ್ಯಾಪಕರು ಬರುತ್ತಾರಲ್ಲ, ಒಳಗೆ ತೆಳ್ಳಗೆ ಬಿಳಿ ಕರೆ ಕಟ್ಟಿದ್ದು ಕಣ್ಣಿಗೆ ಬಿತ್ತು. ಸೋಪಿನಲ್ಲಿ ಸೋಡಿಯಂ ಇರುತ್ತದೆ, ಸೋಡಾಪುಡಿಯಲ್ಲೂ ಇರುತ್ತದೆ. ಅದಕ್ಕೆ ಮನೆಯಿಂದ ವಿನೆಗರ್ ತಂದು ಕುಲುಕಿ ಕುಲುಕಿ ತೊಳೆದಳು.

ಮೇಡಂ ಪೆನ್ನು ನಿಂತಿತು. ಆಮೇಲೆ ಎಷ್ಟು ಸಲ ಜಾಲಿಸಿದಿರಿ ಎಂದು ಕೇಳಿದರು.

"ಒಂದೇ ಸಲ ಮೇಡಂ. ಡಿಸ್ಟಿಲ್ಡ್ ನೀರು ಅವತ್ತು ಒಂದು ಬಾಟಲಿ ಮಾತ್ರ ಇತ್ತು. ನಲ್ಲಿ ನೀರು ಹಾಕಿದ್ರೆ ಉಪ್ಪು ಸೇರುತ್ತಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗಂಟಕ್ಕನೇ ಎದ್ದು ಹೋಗಿ ಹುಳಿ ಇದ್ದರೆ ತೋರಿಸುವ ಬಣ್ಣದ ಕಾಗದದ ಪಟ್ಟಿ ತಂದು ಕ್ಯಾನಿನ ದ್ರಾವಣದಲ್ಲಿ ಅದ್ದಿದಳು. ಹಸಿರಾಗಬೇಕಿದ್ದದ್ದು ಹಳದಿಯಾಯಿತು. ಉಪ್ಪು ಬರಬಾರದೆಂದು ಅಷ್ಟು ಕಾವಲು ಕಾದ ಕ್ಯಾನಿನೊಳಗೆ ಹುಳಿ ಹಾಯಾಗಿ ಕೂತಿತ್ತು.

ಅವಳ ಮುಖ ಸಪ್ಪಗಾಯಿತು. ತಪ್ಪು ನಂದೇ ಎಂದು ಕ್ಯಾನನ್ನು ಎತ್ತಿ ಬಚ್ಚಲಿಗೆ ಸುರಿಯಲು ಹೊರಟಳು. ಮೇಡಂ ಧಾವಿಸಿ ಬಂದು ಕ್ಯಾನಿನ ಹಿಡಿ ಹಿಡಿದುಕೊಂಡರು. ಒಬ್ಬರು ಸುರಿಯಲು, ಒಬ್ಬರು ಉಳಿಸಲು, ನಡುವೆ ಕ್ಯಾನಿನ ದ್ರಾವಣ ತುಳುಕಿ ಇಬ್ಬರ ಚಪ್ಪಲಿಯೂ ಒದ್ದೆ. ಮೇಡಂ ನಗಲು ಶುರುಮಾಡಿದರು. ಅವರು ಹಾಗೆ ನಕ್ಕದ್ದನ್ನು ನಾವು ಕಂಡೇ ಇರಲಿಲ್ಲ. ನಗುತ್ತಲೇ ಬೋರ್ಡಿನ ಹತ್ತಿರ ಹೋಗಿ ಎರಡು ಬಾಗಿಲು ಬರೆದರು.

ಕರುಳಿನಲ್ಲಿ ಬಾಗಿಲು ಒಂದೇ ಬಗೆಯದಲ್ಲ. ಒಂದಕ್ಕೆ ಸೋಡಿಯಂ ಜೊತೆ ಬೇಕು. ಇನ್ನೊಂದಿದೆ, ಅದಕ್ಕೆ ಹುಳಿಯ ಜೊತೆ ಸಾಕು. ಹುಳಿಯೆಂದರೆ ಹೈಡ್ರೋಜನ್ನಿನ ಪುಟ್ಟ ಕಣಗಳು, ಅವೂ ಒಳಗೆ ನುಗ್ಗುವಾಗ ಗ್ಲೈಸಿನ್ನಿನ ಕೈ ಹಿಡಿಯುತ್ತವೆ. ಹೊಟ್ಟೆಯ ಹುಳಿ ಇಳಿದು ಬರುವುದು ಸಣ್ಣ ಕರುಳಿನ ಮೇಲ್ಭಾಗಕ್ಕೇ ತಾನೆ, ಕರುಳಿನ ಗೋಡೆಗೂ ತನ್ನದೇ ಆದ ತೆಳು ಹುಳಿ ಇರುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲಿನ ಮಾತು, ಮೇಡಂ ಎಂದೂ ಮಾಡಿ ತೋರಿಸಿರಲಿಲ್ಲ. ಒಂದು ಬಾಟಲಿ ವಿನೆಗರ್ ಅದನ್ನು ಮಾಡಿ ತೋರಿಸಿತ್ತು.

ಗಂಟಕ್ಕ ಒದ್ದೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಬೋರ್ಡಿನ ಮುಂದೆ ನಿಂತು ಎರಡನೇ ಬಾಗಿಲನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಎಂಟು ವರ್ಷದಿಂದ ಇಲ್ಲೇ ಇತ್ತಾ ಇದು ಎಂದಳು, ಮನೆಯೊಳಗೆ ತನಗೆ ಗೊತ್ತಿಲ್ಲದ ಕೋಣೆಯೊಂದು ಸಿಕ್ಕಿದವಳ ಹಾಗೆ.

ಗುರುವಾರ ಕ್ಯಾನನ್ನು ಚೆನ್ನಾಗಿ ತೊಳೆದು ಹೊಸ ದ್ರಾವಣ ಮಾಡಿದರು. ಎರಡನೇ ಸಾಲು ಮೊದಲಿನಂತೆ ಬಿಳಿಚಿ ಬಂತು. ಮೇಡಂ ಉಸಿರು ಬಿಟ್ಟು, ಶುಕ್ರವಾರ ಇಷ್ಟೇ ತೋರಿಸೋಣ ಎಂದರು. ಗಂಟಕ್ಕ ಒಪ್ಪಲಿಲ್ಲ. ಉಪ್ಪಿಲ್ಲದ, ಹುಳಿ ಇರುವ ಮೂರನೇ ಸಾಲೊಂದು ಬೇಕೇ ಬೇಕು ಎಂದು ಹಟ ಹಿಡಿದಳು. ಅಳೆದು ಹಾಕಿದ ಹುಳಿಯಲ್ಲಿ ಒಂದು ಸಲವೂ ಮಾಡಿ ನೋಡಿಲ್ಲ, ಅವರೆದುರಿಗೆ ಕೈಕೊಟ್ಟರೆ ಮೊದಲೆರಡು ಸಾಲಿನ ಮೇಲೂ ಅನುಮಾನ ಬರುತ್ತದೆ ಎಂದು ಮೇಡಂ ತಿಳಿಹೇಳಿದರು.

"ಫೈಲ್ ಕೋಣೆಗೆ ಹೋಗೋದು ನಾನು ತಾನೆ ಮೇಡಂ? ಇದನ್ನ ಗೊತ್ತಿದ್ದೂ ಮುಚ್ಚಿಟ್ಟು ಇಲ್ಲೇ ಉಳಿದ್ರೆ ನಂಗೆ ಅಲ್ಲೇ ಕೂತ ಹಾಗಾಗುತ್ತೆ."

ಮೇಡಂ ಬೆರಳು ಮಡಚಿ ಎಣಿಸಿದರು. ಹಾಗಾದರೆ ಹನ್ನೆರಡು ಚೀಲ, ಇಪ್ಪತ್ನಾಲ್ಕು ಗಂಟು ಎಂದರು. ಅವಳು ಆಗಲೇ ದಾರ ಕತ್ತರಿಸುತ್ತಿದ್ದಳು.

ಶುಕ್ರವಾರ ಬಂದ ಪ್ರಾಧ್ಯಾಪಕರು ತೆಳ್ಳಗೆ ಎತ್ತರದವರು, ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ. ಪ್ರಿನ್ಸಿಪಾಲರು ಅವರನ್ನು ಮೊದಲು ಪರದೆಯ ಹತ್ತಿರ ಕರೆದೊಯ್ದರು. ಗುಲಾಬಿ ಕರುಳು ಕುಣಿಯಿತು. ಪ್ರಾಧ್ಯಾಪಕರು ನೋಡಿ, ಇದು ಯಾವಾಗಲೂ ಸರಿಯಾಗೇ ಬರುತ್ತದೆಯೇ ಎಂದು ಕೇಳಿದರು. ಯಾವಾಗಲೂ ಎಂದರು ಪ್ರಿನ್ಸಿಪಾಲರು ಹೆಮ್ಮೆಯಿಂದ. ಪ್ರಾಧ್ಯಾಪಕರು ಹೂಂ ಎಂದು ನಮ್ಮ ಕಡೆ ತಿರುಗಿದರು.

ಗಂಟಕ್ಕ ಕರುಳನ್ನು ಕಡ್ಡಿಗೆ ಏರಿಸಿ ತಿರುಗಿಸಿದಾಗ ಅವರು ಒಂದು ಹೆಜ್ಜೆ ಹತ್ತಿರ ಬಂದರು. ಎರಡನೆಯದಕ್ಕೆ ಕನ್ನಡಕ ಮೇಲೇರಿಸಿದರು. ಐದನೆಯದಕ್ಕೆ ತೋಳು ಮಡಚಿ, ಒಂದು ನನಗೂ ಕೊಡಿ ಎಂದರು. ಅವರು ಕಟ್ಟಿದ ಚೀಲದಲ್ಲಿ ನೀಲಿ ತುಂಬಿ ನೋಡಿದರೆ ಎರಡೂ ತುದಿಯಿಂದ ಹೊಗೆಯಂತೆ ಹೊರಬಂತು. ಪ್ರಿನ್ಸಿಪಾಲರು ಕಿಟಕಿಯಾಚೆ ಏನೋ ನೋಡತೊಡಗಿದರು.

"ಗಂಟು ಬಿಗಿಯೋವಾಗ ಉಸಿರು ಹಿಡೀಬಾರದು ಸರ್," ಎಂದಳು ಗಂಟಕ್ಕ. "ಉಸಿರು ಹಿಡಿದ್ರೆ ಬೆರಳು ಹೆದರುತ್ತೆ."

ಅವರು ಮತ್ತೊಂದು ಕಟ್ಟಿದರು, ಬಾಯಲ್ಲಿ ಉಸಿರು ಬಿಡುತ್ತಾ. ಅದು ಒಂದೇ ತುದಿಯಿಂದ ಸೋರಿತು. ಅವರ ಮುಖದಲ್ಲಿ ಅವತ್ತಿನ ಮೊದಲ ನಗು ಕಾಣಿಸಿತು.

ಅರ್ಧ ಗಂಟೆ ಹನ್ನೆರಡು ಬೀಕರುಗಳಲ್ಲಿ ಗಾಳಿ ಗುಳುಗುಳು ಅಂದಿತು. ಚೀಲಗಳು ಸಣ್ಣ ಮೀನುಗಳ ಹಾಗೆ ತೇಲಾಡಿದವು. ಆಮೇಲೆ ಕುದಿಯುವ ನೀರು, ಅದರಲ್ಲಿ ಟ್ಯೂಬುಗಳು. ಮೊದಲ ಸಾಲು ಬೇಗನೆ ನೇರಳೆಯಾಯಿತು, ಬದನೆಕಾಯಿಯಷ್ಟು ಗಾಢ. ಎರಡನೆಯದರಲ್ಲಿ ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು. ಮೂರನೆಯದು ಬೆಳ್ಳಗೆ ನಿಂತಿತ್ತು.

ಒಂದು ನಿಮಿಷ. ಎರಡು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ಮೇಡಂ ಮೇಜಿನ ಅಂಚನ್ನು ಹಿಡಿದಿದ್ದರು. ಗಂಟಕ್ಕ ಬಗ್ಗಿ, ಮೂಗು ಟ್ಯೂಬಿಗೆ ತಾಗುವಷ್ಟು ಹತ್ತಿರ ಹೋಗಿ, ಬಾ ಬಾ ಎಂದು ತೊಟ್ಟಿಲ ಮಗುವನ್ನು ಕರೆಯುವಂತೆ ಪಿಸುಗುಟ್ಟುತ್ತಿದ್ದಳು. ಆಗ ಒಂದರ ತಳದಲ್ಲಿ ಹೊಗೆಯಂಥದ್ದು ಎದ್ದಿತು. ಪಕ್ಕದ್ದರಲ್ಲೂ. ನಾಲ್ಕೂ ಒಂದಾದ ಮೇಲೊಂದು ನೇರಳೆಗೆ ತಿರುಗಿದವು, ಮೊದಲ ಸಾಲಿಗಿಂತ ತಿಳಿಯಾಗಿ, ಎರಡನೇ ಸಾಲಿಗಿಂತ ಎಷ್ಟೋ ಗಾಢವಾಗಿ. ಅವಳ ಹಿಮ್ಮಡಿ ಎರಡೂ ನೆಲ ಬಿಟ್ಟವು. ನಮ್ಮಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಅದು ನಿಲ್ಲಲು ಹೊತ್ತು ಹಿಡಿಯಿತು.

ಪ್ರಾಧ್ಯಾಪಕರು ಕುರ್ಚಿ ಎಳೆದುಕೊಂಡು ಮೂರು ಸಾಲಿನ ಮುಂದೆ ಕೂತರು. ಮೂರನೆಯದು ಯಾರ ಯೋಚನೆ ಎಂದು ಕೇಳಿದರು. ಮೇಡಂ ವಿನೆಗರಿನ ಕಥೆ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ, ಕ್ಯಾನಿನ ಎಳೆದಾಟವನ್ನೂ. ಪ್ರಾಧ್ಯಾಪಕರು ತಮ್ಮ ಕಾಗದದ ಮೇಲೆ ಏನೋ ಬರೆದು ಪ್ರಿನ್ಸಿಪಾಲರ ಕಡೆ ತಿರುಗಿ, ಈ ಪ್ರಯೋಗ ಇರಲಿ, ಮುಂದಿನ ವರ್ಷದಿಂದ ಮೂರೂ ಸಾಲುಗಳಿರಲಿ, ಇವರೂ ಇಲ್ಲೇ ಇರಲಿ ಎಂದರು. ಕೊನೆಯ ಮಾತನ್ನು ಎರಡು ಸಲ ಹೇಳಿದರು. ಪ್ರಿನ್ಸಿಪಾಲರು ಖಂಡಿತ ಖಂಡಿತ ಎಂದು, ಎಲ್ಲರೂ ಸಾಲಾಗಿ ನಿಂತರೆ ಒಂದು ಫೋಟೋ ತೆಗೆಯೋಣ, ಗಂಟಕ್ಕ ನಡುವೆ ನಿಲ್ಲಲಿ ಎಂದರು.

ಗಂಟಕ್ಕ ನಡುವೆ ನಿಂತಳು. ಎಲ್ಲರೂ ಫೋನಿನತ್ತ ನೋಡುತ್ತಿದ್ದರೆ ಅವಳ ಕಣ್ಣು ಮಾತ್ರ ಟ್ಯೂಬುಗಳ ಮೇಲಿತ್ತು, ಒಂದನೇ ಸಾಲಿನಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ.

"ಅಲ್ಲ ಮೇಡಂ," ಎಂದಳು, "ಉಪ್ಪಿಗೆ ಒಂದು ಬಾಗಿಲು, ಹುಳಿಗೆ ಒಂದು ಬಾಗಿಲು. ಎರಡನ್ನೂ ಒಟ್ಟಿಗೆ ಹಾಕಿದ್ರೆ ಬಣ್ಣ ಎರಡು ಪಟ್ಟು ಬರುತ್ತಾ?"

ಮೇಡಂ ಪ್ರಾಧ್ಯಾಪಕರ ಮುಖ ನೋಡಿದರು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತಾ, ನಿಮ್ಮ ಕೋಳಿಗಳ ವಿಷಯ ಖಚಿತವಾಗಿ ಹೇಳಲಾರೆ ಎಂದು ಒಪ್ಪಿಕೊಂಡರು.

"ಐಸ್‌ನಲ್ಲಿ ಇನ್ನೂ ಒಂದು ತುಂಡು ಕರುಳಿದೆ," ಎನ್ನುತ್ತಾ ಅವಳು ಫೋಟೋದ ಸಾಲಿನಿಂದ ಆಗಲೇ ಹೊರಗೆ ಬಂದಿದ್ದಳು, "ಈಗ್ಲೇ ಕಟ್ಟಿದ್ರೆ ಜೀವ ಇರುತ್ತೆ, ನಾಲ್ಕು ಚೀಲ ಸಾಕು, ಮೊದಲು ಉಪ್ಪಿನ ನೀರಿಗೇ ಹುಳಿ ಬಿಟ್ಟು, ಕಾಗದ ಹಳದಿ ಆಗೋವರೆಗೆ ನೋಡಿ, ಆಮೇಲೆ ಚೀಲ.." ಮಾತು ಮುಗಿಯುವ ಮೊದಲೇ ಅವಳ ಕೈ ದಾರಕ್ಕೆ ಹೋಗಿತ್ತು.